ದಂಡಿನಿಂದ ಊರಿಗೆ

ಮುಂಬಯಿಯಿಂದ ಚೆನ್ನೈಯ ಕಡೆಗೆ ಸಾಗುವ ರೈಲು ವಾಡಿ ಜಂಕ್ಷನ್ನನ್ನು ಬಿಟ್ಟು ದಕ್ಷಿಣಕ್ಕೆ ಹೊರಟರೆ, ಗಂಟೆಯೊಳಗೆ ಯಾದಗಿರಿಯ ಬೆಟ್ಟ ಕಣ್ಣಿಗೆ ಬೀಳುತ್ತದೆ. ಬೆಟ್ಟದ ಮೈಯನ್ನು ಬಳಸಿದ ಹಳೆಯ ಕೋಟೆಯ ಗೋಡೆಗಳು, ಅದರ ಕೆಳಗೆ ಒತ್ತೊತ್ತಾಗಿ ಕುಳಿತ ಊರು, ಊರಿನ ಆಚೆ ಭೀಮಾ ನದಿ. ಯಾದವಗಿರಿಯೆಂಬ ಹೆಸರೇ ಜನರ ಬಾಯಲ್ಲಿ ಸವೆದು ಯಾದಗಿರಿಯಾಯಿತೆಂದು ಸ್ಥಳೀಕರು ಹೇಳುವರು. ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಒಂದಾದವು. ಅಂದಿನಿಂದ ಈ ಬಿಸಿಲುನಾಡಿನ ಜನರಿಗೆ ಹೊರಲೋಕದ ಬಾಗಿಲು ಈ ದಾರಿಯಲ್ಲಿಯೇ ತೆರೆಯಿತು. ಕೂಲಿಗೆ ಹೋಗುವವನೂ ಈ ದಾರಿಯಲ್ಲಿಯೇ ಹೋಗುತ್ತಾನೆ, ಸೈನ್ಯಕ್ಕೆ ಸೇರುವವನೂ ಈ ದಾರಿಯಲ್ಲಿಯೇ ಹೋಗುತ್ತಾನೆ.

ಮರಳಿ ಬರುವಾಗ ಮಾತ್ರ ಸಿಪಾಯಿಯ ಗುರುತು ಸುಲಭ. ಹೆಸರೂ ನಂಬರೂ ಬರೆದ ಕಪ್ಪು ತಗಡಿನ ಟ್ರಂಕು, ಹೆಗಲಿಗೆ ಹಸಿರು ಚೀಲ, ನೇರವಾದ ಬೆನ್ನು. ನಿಲ್ದಾಣದ ಹೊರಗೆ ಚಹಾ ಕುಡಿದು ಆತ ಬಸ್ ನಿಲ್ದಾಣದ ಕಡೆಗೆ ನಡೆಯುತ್ತಾನೆ. ಜಿಲ್ಲೆಯ ಬಹುಪಾಲು ಜನರಿಗೆ ಯಾದಗಿರಿ ಊರಲ್ಲ, ಅರ್ಧದಾರಿ. ಶಹಾಪುರಕ್ಕೂ ಇಲ್ಲ, ಸುರಪುರಕ್ಕೂ ಇಲ್ಲ, ರೈಲು. ಆಲಮಟ್ಟಿಯಿಂದ ಯಾದಗಿರಿಗೆ ಹಳಿ ಹಾಕಬೇಕೆಂಬ ಬೇಡಿಕೆ ಬಹಳ ಹಳೆಯದು. ಹಳೆಯದಾದಷ್ಟೂ ಅದಕ್ಕೆ ವಯಸ್ಸಿನ ಗೌರವ ಸಿಕ್ಕಿದೆಯೇ ಹೊರತು ಹಳಿ ಸಿಕ್ಕಿಲ್ಲ.

ಬಸ್ಸು ಭೀಮೆಯ ಸೇತುವೆಯನ್ನು ದಾಟುತ್ತಲೇ ಎರಡೂ ಕಡೆ ಎರೆನೆಲ ಹರಡಿಕೊಳ್ಳುತ್ತದೆ. ತೊಗರಿ, ಹತ್ತಿ, ಕಾಲುವೆಯ ನೀರು ಬಂದ ಕಡೆ ಭತ್ತ. ಸಿಪಾಯಿಯ ಪಕ್ಕದಲ್ಲಿ ಕುಳಿತ ಮುದುಕ, ಪರಿಚಯವಿರಲಿ ಇಲ್ಲದಿರಲಿ, ಕೇಳಿಯೇ ಕೇಳುತ್ತಾನೆ: “ಎಷ್ಟು ದಿನದ ರಜಾ ತಮ್ಮಾ?” ಮೂವತ್ತು ದಿನವೆಂದರೆ, “ಇನ್ನ ಎಷ್ಟು ವರ್ಷ ಐತಿ ನೌಕರಿ?” ಎಂಬುದು ಎರಡನೆಯ ಪ್ರಶ್ನೆ. ಮೂರನೆಯ ಪ್ರಶ್ನೆಯನ್ನು ಮುದುಕ ಕೇಳುವುದಿಲ್ಲ. ನೌಕರಿ ಮುಗಿದ ಮೇಲೆ ಏನು ಎಂಬುದನ್ನು ಬಸ್ಸಿನಲ್ಲಿ ಕೇಳುವುದು ಮರ್ಯಾದೆಯಲ್ಲ.

ಮೂವತ್ತೈದು ಕಿಲೋಮೀಟರು ಕಳೆಯುವಷ್ಟರಲ್ಲಿ ಶಹಾಪುರದ ಬೆಟ್ಟಗಳು ಎದುರಾಗುತ್ತವೆ. ರಸ್ತೆಯ ಒಂದು ತಿರುವಿನಿಂದ ನೋಡಿದರೆ ನಾಲ್ಕು ಗುಡ್ಡಗಳ ಸಾಲು ಅಂಗಾತ ಮಲಗಿದ ಮನುಷ್ಯನಂತೆ ತೋರುತ್ತದೆ: ಹಣೆ, ಮೂಗು, ತುಟಿ, ಎದೆ ಎಲ್ಲವೂ ಸ್ಪಷ್ಟ. ‘ಮಲಗಿದ ಬುದ್ಧ’ನೆಂದು ಜನ ಕರೆಯುವರು. ಕೋಟೆಯ ಅವಶೇಷಗಳುಳ್ಳ ಈ ಊರಿನ ಮಗ್ಗುಲಲ್ಲಿ, ದಂಡುಗಳು ಬಂದು ಹೋದ ದಾರಿಯಲ್ಲಿ, ಆಯುಧವಿಲ್ಲದೆ ಮಲಗಿದ ಈ ಆಕೃತಿಗಿಂತ ಹಿತವಾದ ನೋಟ ಬೇರೊಂದಿಲ್ಲ. ಬಸ್ಸು ನಿಲ್ಲುವುದು ಹತ್ತು ನಿಮಿಷ. ಮಿರ್ಚಿ-ಮಂಡಾಳಿಗೆ ಅದು ಸಾಕು.

ಶಹಾಪುರವನ್ನು ಬಿಟ್ಟು ಇಪ್ಪತ್ತು ಕಿಲೋಮೀಟರಿಗೂ ತುಸು ಹೆಚ್ಚು ನಡೆದರೆ ಬಂಡೆಗುಡ್ಡಗಳು ನಾಲ್ಕೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ಅವುಗಳ ನಡುವೆ ಅಡಗಿದಂತೆ ಸುರಪುರ. ಈ ಊರನ್ನು ನೋಡಿದ ಯಾರಿಗಾದರೂ ಇದನ್ನು ವರ್ತಕರು ಕಟ್ಟಿದ್ದಲ್ಲ, ಯೋಧರು ಕಟ್ಟಿದ್ದೆಂಬುದು ಹೊಳೆಯದೆ ಇರದು. ಬೇಡ ನಾಯಕರ ಮೊದಲಿನ ರಾಜಧಾನಿ ಸಮೀಪದ ವಾಗಣಗೇರಿ. ಮುಪ್ಪಿನ ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆ ಆ ಕೋಟೆಯ ಮೇಲಿನದು, 1705ರದು. ತಿಂಗಳುಗಟ್ಟಲೆ ಹೋರಾಡಿ ಕೋಟೆ ಬಾದಶಹನ ಕೈಸೇರಿತು. ನಾಯಕ ಮಾತ್ರ ಸೇರಲಿಲ್ಲ. ಆತ ತನ್ನವರೊಡನೆ ತಪ್ಪಿಸಿಕೊಂಡು ಹೋಗಿದ್ದನು. ಎರಡು ವರ್ಷಗಳಲ್ಲಿ ಬಾದಶಹನು ತೀರಿಕೊಂಡನು, ನಾಯಕರ ಸಂಸ್ಥಾನವು ಸುರಪುರದಲ್ಲಿ ಮತ್ತೆ ತಲೆಯೆತ್ತಿತು.

ಇಷ್ಟು ಚಿಕ್ಕ ಸಂಸ್ಥಾನಕ್ಕೆ ಇಷ್ಟು ದೊಡ್ಡ ದಂಡನ್ನು ಸಾಕುವ ಹಣ ಎಲ್ಲಿಯದು? ಹಣವಿರಲಿಲ್ಲ, ನೆಲವಿತ್ತು. ಬೇಡರ ಮನೆತನಗಳು ಸೇವೆಯ ಬದಲಿಗೆ ಹೊಲಗಳನ್ನು ಹಿಡಿದಿದ್ದವು. ಕರೆ ಬಂದಾಗ ಕತ್ತಿ, ಕರೆ ಇಲ್ಲದಾಗ ಕೂರಿಗೆ. ಯುದ್ಧದಿಂದ ಬದುಕಿ ಬಂದವನಿಗೆ ‘ನಿವೃತ್ತಿ’ ಎಂಬ ಮಾತೇ ಗೊತ್ತಿರಲಿಲ್ಲ; ಅವನ ಸಂಬಳವೂ ಪಿಂಚಣಿಯೂ ಮನೆಯ ಹಿಂದಿನ ಹೊಲದಲ್ಲಿಯೇ ಬೆಳೆಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅದೂ ಕೈಕೊಡುತ್ತಿತ್ತೆಂಬುದನ್ನು ಮರೆಯಬಾರದು. ಹಳೆಯದನ್ನೆಲ್ಲ ಹೊನ್ನೆಂದು ಬಗೆಯುವ ಚಪಲ ಈ ಊರಿನ ಗುಡ್ಡಗಳ ನಡುವೆ ಸುಲಭವಾಗಿ ಹತ್ತುತ್ತದೆ.

ನೀರಿನ ಮಾತು ಬಂದಾಗ ಸುರಪುರದ ಜನ ಇಂದಿಗೂ ನೆನೆಯುವ ಹೆಸರು ಒಬ್ಬ ಆಂಗ್ಲರದು. ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್ ರಾಜಕುಮಾರ ವೆಂಕಟಪ್ಪ ನಾಯಕನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದು, 1853ರವರೆಗೆ ಇಲ್ಲಿದ್ದನು. ಗುಡ್ಡದ ಮೇಲೆ ಆತ ಕಟ್ಟಿಸಿಕೊಂಡ ಮನೆ ‘ಟೇಲರ್ ಮಂಜಿಲ್’ ಎಂದು ಇಂದಿಗೂ ಹೆಸರಾಗಿದೆ. ಊರಿನ ಹತ್ತಿರದ ಬೋನಾಳದ ದೊಡ್ಡ ಕೆರೆಯೊಡನೆಯೂ ಅವನ ಹೆಸರು ಸೇರಿಕೊಂಡಿದೆ. ಈಗ ಅದು ಹಕ್ಕಿಗಳ ಧಾಮ. ಆತ ಬರೆದ ಆತ್ಮಕಥೆಯಲ್ಲಿ ಬೇಡರ ಮಾತು, ಕೆರೆಯ ಮಾತು, ಲೆಕ್ಕಪತ್ರದ ಮಾತು ಒಂದರೊಡನೊಂದು ಬೆರೆತು ಬರುತ್ತವೆ. ಸೈನಿಕನ ಹೊಟ್ಟೆಯೂ ಊರಿನ ಕೆರೆಯೂ ಒಂದೇ ಲೆಕ್ಕದ ಎರಡು ಕಲಮುಗಳೆಂಬುದನ್ನು ಆತ ಬಲ್ಲವನಾಗಿದ್ದನು. ಬಾಲರಾಜನು ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನು.

ಮುಂದಿನದು ದುಃಖದ ಕಥೆ. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ದಂಡು ಸುರಪುರದ ಎದುರಿಗೆ ನಿಂತಿತು. ಮೊದಲ ದಿನಗಳ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಊರು ಅವರ ವಶವಾಯಿತು. ಸೆರೆಸಿಕ್ಕ ತರುಣ ರಾಜನಿಗೆ ಮೊದಲು ಮರಣದಂಡನೆ, ಬಳಿಕ ಅದು ಇಳಿದಿಳಿದು ನಾಲ್ಕು ವರ್ಷಗಳ ಸೆರೆವಾಸ. ಆ ಸೆರೆಮನೆಯನ್ನು ಆತ ಮುಟ್ಟಲಿಲ್ಲ. 1858ರ ಮೇ 11ರಂದು ದಾರಿಯ ಬಿಡಾರದಲ್ಲಿಯೇ ಗುಂಡಿನಿಂದ ಸತ್ತನು. ಆತನೇ ಹಾರಿಸಿಕೊಂಡನೆಂದು ಸರಕಾರದ ಕಾಗದ ಹೇಳಿತು. ಸುರಪುರದ ಜನ ಆ ಮಾತನ್ನು ಒಪ್ಪಿದವರಲ್ಲ. 1860ರಲ್ಲಿ ಸಂಸ್ಥಾನವು ನಿಜಾಮನಿಗೆ ಸೇರಿತು.

ರಾಜ್ಯ ಹೋಯಿತು, ರಾಜ್ಯಕ್ಕಾಗಿ ಕತ್ತಿ ಹಿಡಿದವರು ಉಳಿದರು. ಅವರ ಸೇವೆಯ ಕರಾರು ಇನ್ನು ಯಾರೊಡನೆ? ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ರಾಜನ ಸಾವಿನೊಂದಿಗೆ ಅಧ್ಯಾಯ ಮುಗಿಸುತ್ತವೆ. ಆದರೆ ಊರಿಗೆ ಮರಳಿದ ಯೋಧನ ಅಧ್ಯಾಯ ಅಲ್ಲಿಂದಲೇ ಮೊದಲಾಗುತ್ತದೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದವು, ಐವತ್ತರ ದಶಕದ ನಡುವೆ ಇನಾಮುಗಳೂ ಹೋದವು. ಆಗಬೇಕಾದ ಕೆಲಸವೇ ಆಯಿತು, ಸಂದೇಹವಿಲ್ಲ. ಸೇವೆಗೆ ನೆಲವೆಂಬ ಆ ಹಳೆಯ ಲೆಕ್ಕದ ನೆರಳು ಮಾತ್ರ ಇನ್ನೂ ಅಳಿದಿಲ್ಲ: ಕರ್ನಾಟಕದ 1969ರ ಭೂಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲು ಮೀಸಲಾಗಿದೆ. ವ್ಯತ್ಯಾಸವಿಷ್ಟೇ: ಅಂದು ನೆಲ ಮೊದಲು ಬರುತ್ತಿತ್ತು, ಸೇವೆ ಆಮೇಲೆ. ಇಂದು ಸೇವೆ ಮುಗಿದ ಮೇಲೆ ಅರ್ಜಿ, ಅರ್ಜಿಯಾದ ಮೇಲೆ ಕಡತ.

ಇಂದಿನ ಸಿಪಾಯಿ ಹದಿನೈದು ವರ್ಷ ಸೇವೆ ಮಾಡಿದರೆ ಪಿಂಚಣಿಗೆ ಅರ್ಹ. ಹದಿನೆಂಟಕ್ಕೋ ಇಪ್ಪತ್ತಕ್ಕೋ ಸೇರಿದವನು ನಲವತ್ತರ ಒಳಗೇ ಮನೆಗೆ ಬರುತ್ತಾನೆ. ನಗರದ ಗುಮಾಸ್ತನಿಗೆ ಬಡ್ತಿ ಸಿಗುವ ವಯಸ್ಸಿನಲ್ಲಿ ಅವನಿಗೆ ನಿವೃತ್ತಿ. ಮಕ್ಕಳ ಶಾಲೆ ಮುಗಿದಿಲ್ಲ, ತಂಗಿಯ ಮದುವೆ ಆಗಿಲ್ಲ, ಮನೆಯ ಮಾಳಿಗೆ ಸೋರುತ್ತಿದೆ. ಪಿಂಚಣಿಯ ಲೆಕ್ಕ ನೋಡುವ ಕಚೇರಿ ದೂರದ ಪ್ರಯಾಗರಾಜದಲ್ಲಿ. ಹಣ ಬರುತ್ತದೆ, ಬರುವುದಿಲ್ಲವೆಂದಲ್ಲ. ಆದರೆ ಅದರ ಹಿಂದಿರುವ ಕಾಗದಗಳಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ದಾರಿ ಕಟ್ಟಿಹೋಗುತ್ತದೆ. ಸಿಪಾಯಿ ಸೇರುವಾಗ ಬರೆಸಿದ ಹೆಂಡತಿಯ ಹೆಸರೊಂದು, ಆಧಾರ್ ಚೀಟಿಯಲ್ಲಿರುವ ಹೆಸರು ಇನ್ನೊಂದು. ಹುಟ್ಟಿದ ದಿನ ಗೊತ್ತಿಲ್ಲದ ತಾಯಿಗೆ ಶಾಲೆಯ ಮಾಸ್ತರರು ಕೊಟ್ಟ ಜೂನ್ ಒಂದು. ಗಂಡ ಬದುಕಿರುವವರೆಗೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆತ ತೀರಿಕೊಂಡು ಕುಟುಂಬ ಪಿಂಚಣಿಗೆ ಅರ್ಜಿ ಹಾಕುವ ದಿನ ಬೀಳುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ನ್ನೂ ಮುಟ್ಟಲಿಲ್ಲ, ರಾಜ್ಯದಲ್ಲಿಯೇ ಕಡಿಮೆ. ಹೆಬ್ಬೆಟ್ಟಿನ ಹೆಣ್ಣುಮಗಳೊಬ್ಬಳು ತನ್ನ ಹೆಸರಿನ ಕಾಗುಣಿತ ತಪ್ಪಾಗಿದೆಯೆಂದು ಹೇಗೆ ತಿಳಿಯಬೇಕು?

ವರ್ಷಕ್ಕೊಮ್ಮೆ ಪಿಂಚಣಿದಾರನು ತಾನು ಬದುಕಿದ್ದೇನೆಂದು ಸಾಬೀತು ಮಾಡಬೇಕು. ಸಿಯಾಚಿನ್ನಿನ ಹಿಮದಲ್ಲಿ ಬದುಕುಳಿದವನಿಗೂ ಇದು ತಪ್ಪಿದ್ದಲ್ಲ. 2014ರಿಂದ ಇದಕ್ಕೆ ‘ಜೀವನ ಪ್ರಮಾಣ’ವೆಂಬ ಯಂತ್ರದ ಏರ್ಪಾಡಾಗಿದೆ, ಊರಿನ ಸೇವಾ ಕೇಂದ್ರದಲ್ಲಿಯೇ ಬೆರಳಿಟ್ಟರೆ ಸಾಕು. ಒಳ್ಳೆಯ ಏರ್ಪಾಡು. ಆದರೆ ಬಂದೂಕು ಬಿಟ್ಟ ಮೇಲೆ ಇಪ್ಪತ್ತು ವರ್ಷ ಕುಂಟೆ ಹಿಡಿದ ಬೆರಳಿನ ಗೆರೆಗಳು ಸವೆದಿರುತ್ತವೆ, ಯಂತ್ರಕ್ಕೆ ಅವು ತಿಳಿಯುವುದಿಲ್ಲ. ಈಗ ಮುಖ ನೋಡಿ ಗುರುತಿಸುವ ಸೌಕರ್ಯವೂ ಬಂದಿದೆ, ಮುಖವಾದರೂ ಸವೆಯದಿರಲಿ.

ಇಂಥ ತೊಡಕುಗಳನ್ನು ಬಿಡಿಸಲೆಂದೇ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಪಿಂಚಣಿಯ ಕಾಗದ, ಮಕ್ಕಳ ವಿದ್ಯಾರ್ಥಿವೇತನ, ಮಗಳ ಮದುವೆಯ ಸಹಾಯಧನ, ಉದ್ಯೋಗದ ಮೀಸಲಾತಿ, ಪಿಂಚಣಿಯೇ ಇಲ್ಲದ ಮುದಿ ಸೈನಿಕನ ನೆರವು, ಎಲ್ಲಕ್ಕೂ ಆ ಬಾಗಿಲೇ. ಡಿಸೆಂಬರ್ 7ರಂದು ಶಾಲೆಯ ಮಕ್ಕಳು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜವನ್ನು ಎದೆಗೆ ಚುಚ್ಚಿ ಕಾಸು ಕೇಳುತ್ತಾರಷ್ಟೆ. 1949ರಿಂದ ನಡೆದುಬಂದ ಆ ಧ್ವಜದಿನದ ಹಣ ಸೇರುವುದು ಇಂಥ ನೆರವಿನ ನಿಧಿಗೇ. ಬೆಂಗಳೂರು ಮೈಸೂರುಗಳ ಓದುಗರು ಕೊಟ್ಟ ನಾಣ್ಯ ಎಲ್ಲಿಗೆ ಹೋಯಿತೆಂದು ಕೇಳಿದರೆ, ಇಂಥ ಊರುಗಳ ಕಡೆಗೆ ಕೈತೋರಿಸಬಹುದು. ಆದರೆ ಇಲಾಖೆಯ ಕಚೇರಿ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಇಲ್ಲ. ಒಂದೊಂದು ಕಚೇರಿಯ ವ್ಯಾಪ್ತಿಗೆ ಎರಡು ಮೂರು ಜಿಲ್ಲೆಗಳೂ ಸೇರುವುದುಂಟು. ಕೊಡಗಿನಂತೆ ಮನೆಮನೆಯಲ್ಲಿ ಸೈನಿಕರಿರುವ ಜಿಲ್ಲೆಯಲ್ಲಿ ಒಬ್ಬನಿಗೆ ತಿಳಿದದ್ದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಇಲ್ಲಿ ಮಾಜಿ ಸೈನಿಕರು ಅಲ್ಲೊಬ್ಬರು ಇಲ್ಲೊಬ್ಬರು. ತನ್ನ ಹಕ್ಕು ಏನೆಂದು ಕೇಳಲು ನೆರೆಮನೆಯಲ್ಲಿ ಇನ್ನೊಬ್ಬ ಹವಾಲ್ದಾರನಿಲ್ಲ.

ದೂರವೇ ಈ ನಾಡಿನ ಮುಖ್ಯ ಸಂಕಟ. ಸೈನಿಕನಿಗೆ ಮಾತ್ರವಲ್ಲ, ಎಲ್ಲರಿಗೂ. ಹಿಂದೆ ಸುರಪುರದವನಿಗೆ ಜಿಲ್ಲಾ ಕಚೇರಿಯ ಕೆಲಸ ಬಿದ್ದರೆ ಸುಮಾರು ನೂರು ಕಿಲೋಮೀಟರು ದಾಟಿ ಗುಲಬರ್ಗಕ್ಕೆ ಹೋಗಬೇಕಾಗಿತ್ತು. 2010ರಲ್ಲಿ ಯಾದಗಿರಿ, ಶಹಾಪುರ, ಸುರಪುರ ಈ ಮೂರೇ ತಾಲ್ಲೂಕುಗಳನ್ನು ಸೇರಿಸಿ ಹೊಸ ಜಿಲ್ಲೆಯಾದಾಗ ಆ ದೂರ ಅರ್ಧಕ್ಕಿಳಿಯಿತು; ಆಮೇಲೆ ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳಾದವು. 371ಜೆ ವಿಧಿಯ ವಿಶೇಷ ಸ್ಥಾನಮಾನವೂ ಬಂತು. ಕೃಷ್ಣೆಗೆ ನಾರಾಯಣಪುರದಲ್ಲಿ 1982ರಲ್ಲಿ ಮುಗಿದ ಅಣೆಕಟ್ಟಿನ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ನೀರು ತಂದಿತು. ಇಲ್ಲಿಯೂ ದೂರದ್ದೇ ಮಾತು: ಕಾಲುವೆಯ ತಲೆಯಲ್ಲಿರುವವನಿಗೆ ಭತ್ತ, ಕೊನೆಯಲ್ಲಿರುವವನಿಗೆ ಅರ್ಜಿ. ಪಿಂಚಣಿಯ ಹಣದಲ್ಲಿ ಎರಡೆಕರೆ ಕೊಂಡ ಸೈನಿಕನ ಹೊಲ ಆ ಕೊನೆಯಲ್ಲಿದ್ದರೆ, ಅವನಿಗೆ ಎರಡು ಅರ್ಜಿಗಳು.

ಕಾಯಿಲೆಗೂ ಇದೇ ಮಾತು. ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸದಸ್ಯನಾದವನಿಗೂ ಅವನ ಪತ್ನಿಗೂ ಔಷಧಿ, ಚಿಕಿತ್ಸೆ ಎಲ್ಲವೂ ಅದರಲ್ಲಿ ಅಡಕ. ಆದರೆ ರಕ್ತದೊತ್ತಡದ ಗುಳಿಗೆಗಾಗಿ ತಿಂಗಳಿಗೊಮ್ಮೆ ದೂರದ ಊರಿಗೆ ಹೋಗಬೇಕಾದರೆ ಬಸ್ಸಿನ ಚಾರ್ಜಿಗೂ ಊಟಕ್ಕೂ ಗುಳಿಗೆಗಿಂತ ಹೆಚ್ಚು ಬೀಳುತ್ತದೆ. ಹಲವರು ಅಂಗಡಿಯಲ್ಲಿಯೇ ಕೊಂಡು ಸುಮ್ಮನಾಗುತ್ತಾರೆ. ಯಾದಗಿರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ ದೊಡ್ಡ ಕಾಯಿಲೆಯವರಿಗಾದರೂ ದಾರಿ ತುಸು ಗಿಡ್ಡವಾಗಿದೆ.

2022ರಲ್ಲಿ ಬಂದ ಅಗ್ನಿಪಥದ ಹುಡುಗರ ಮಾತು ಬೇರೆ. ನಾಲ್ಕು ವರ್ಷದ ಸೇವೆ. ನೂರಕ್ಕೆ ಇಪ್ಪತ್ತೈದು ಮಂದಿ ಸೈನ್ಯದಲ್ಲಿಯೇ ಮುಂದುವರಿಯಬಹುದು, ಉಳಿದವರು ಸುಮಾರು ಹನ್ನೊಂದೂ ಮುಕ್ಕಾಲು ಲಕ್ಷ ರೂಪಾಯಿಗಳ ಇಡಿಗಂಟಿನೊಡನೆ, ಪಿಂಚಣಿಯಿಲ್ಲದೆ, ಮನೆಗೆ. ಶಹಾಪುರ ಸುರಪುರಗಳ ಬಯಲುಗಳಲ್ಲಿ ಬೆಳಗಿನ ಜಾವ ಓಡುವ ಹುಡುಗರಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಆದರೂ ಓಡುತ್ತಾರೆ. ಹಾಗೆ ಓಡುವವನ ಅಜ್ಜಿಯನ್ನು ಕೇಳಿದರೆ, “ಬೆಂಗಳೂರಿನಾಗ ಗೋಡಿ ಕಟ್ಟೂದಕ್ಕಿಂತ ಅದ ಛಲೋ ಅಲ್ಲೇನ್ರಿ?” ಎಂದಾಳು. ಬರಗಾಲದಲ್ಲಿ ಊರಿಗೆ ಊರೇ ಗುಳೆ ಎದ್ದು ಹೋದುದನ್ನು ಕಂಡವಳ ಮಾತಿಗೆ ಎದುರಾಡುವುದು ಕಷ್ಟ.

ಊರಿಗೆ ಬಂದ ಸೈನಿಕನನ್ನು ಹಳ್ಳಿಯೂ ಸುಮ್ಮನೆ ಕೂಡಗೊಡುವುದಿಲ್ಲ. ‘ಮಿಲ್ಟ್ರಿ ಕಾಕಾ’ ಹಿಂದಿ ಬಲ್ಲವನು, ಸಾಹೇಬರ ಎದುರು ನಿಂತು ಮಾತಾಡಬಲ್ಲವನು. ನಳದಲ್ಲಿ ನೀರು ಬರದಿದ್ದರೆ, ಚರಂಡಿ ತುಂಬಿದರೆ, ಶಾಲೆಗೆ ಮಾಸ್ತರರು ಬಾರದಿದ್ದರೆ, ಅರ್ಜಿ ಬರೆಯಲು ಅವನ ಮನೆಯ ಕಟ್ಟೆಗೇ ಜನ ಬರುತ್ತಾರೆ. ಊರಿನ ಅರ್ಜಿಗಳೊಡನೆ ತನ್ನದನ್ನೂ ಅದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಆತ ಬೆಳಗಿನ ಬಸ್ಸಿಗೆ ಯಾದಗಿರಿಗೆ ಹೊರಡುತ್ತಾನೆ.

ಸಂಜೆ ಸುರಪುರದ ಬಂಡೆಗಳು ಕಾದ ಬಿಸಿಯನ್ನು ಬಿಡುತ್ತಿರುವ ಹೊತ್ತಿಗೆ ಬಸ್ಸು ಹಿಂದಿರುಗುತ್ತದೆ. ಬಾಗಿಲ ಬಳಿ ನಿಂತ ಕಂಡಕ್ಟರನಿಗೆ ಇಂಥ ಮುಖಗಳೆಲ್ಲ ಗುರುತಿನವು.

“ಆತೇನ್ರಿ ಕಾಕಾ ಕೆಲಸ?”

“ಊರಿನ ನಳದ್ದು ಆತಪ್ಪಾ. ನಮ್ಮನಿಯಾಕಿ ಹೆಸರಿನಾಗ ಒಂದಕ್ಷರ ತಪ್ಪೈತಂತ. ಸೋಮವಾರ ಮತ್ತ ಬಾ ಅಂದಾರ.”

ಕಂಡಕ್ಟರನು ಸೀಟಿ ಊದುತ್ತಾನೆ. ಮುದುಕನು ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬೆನ್ನನ್ನು ನೆಟ್ಟಗೆ ಮಾಡಿಕೊಂಡು, ಕೋಟೆಯ ಕಡೆಯ ಏರನ್ನು ಹತ್ತತೊಡಗುತ್ತಾನೆ.