ಮೂವತ್ತಮೂರು ಬೈಟಿನ ಊರು

ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಡಿಗೇನಹಳ್ಳಿಯ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿಡಲು ಕಂಪ್ಯೂಟರಿಗೆ 33 ಬೈಟು ಜಾಗ ಬೇಕು. ಅದೇ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 13 ಬೈಟು ಸಾಕು. ಜಾಲತಾಣಗಳನ್ನು ಹಗುರವಾಗಿ ಕಟ್ಟಿ ಅವುಗಳ ಹಿಂದೆ ಖರ್ಚಾಗುವ ವಿದ್ಯುತ್ತನ್ನೂ ಇಂಗಾಲವನ್ನೂ ತಗ್ಗಿಸುವ ಕುಶಲಕಲೆಯಲ್ಲಿ ತೊಡಗಿದವರಿಗೆ ಈ ಎರಡು ಅಂಕಿಗಳು ಮೊದಲ ನೋಟಕ್ಕೆ ಕಸಿವಿಸಿ ತರುತ್ತವೆ, ಕನ್ನಡವೇ ಭಾರವಾದ ಲಿಪಿ ಎಂಬ ಅವಸರದ ತೀರ್ಮಾನಕ್ಕೂ ದೂಡುತ್ತವೆ. ಅಂಕಿಗಳು ಸರಿಯಾಗಿವೆ, ತೀರ್ಮಾನ ಪೂರ್ತಿ ತಪ್ಪು. ಅದು ಏಕೆ ತಪ್ಪು ಎಂಬುದನ್ನು ಬಿಡಿಸುವುದರಲ್ಲಿ ಈ ಕಸುಬಿನ ಬಹುಪಾಲು ಸುಖ ಅಡಗಿದೆ.

ಕಣ್ಣಿಗೆ ಆರೇ ಅಕ್ಷರವಾಗಿ ಕಾಣುವ ಈ ಹೆಸರು ಯೂನಿಕೋಡಿನಲ್ಲಿ, ಅಂದರೆ ಜಗತ್ತಿನ ಲಿಪಿಗಳ ಪ್ರತಿ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಟ್ಟಿರುವ ವ್ಯವಸ್ಥೆಯಲ್ಲಿ, ಗುಡಿಸು, ಏತ್ವ, ಒತ್ತಕ್ಷರ ಕೂಡಿಸುವ ವಿರಾಮ ಎಂಬ ಚಿಹ್ನೆಗಳೂ ಬೇರೆಬೇರೆಯಾಗಿ ಎಣಿಕೆಗೆ ಬರುವುದರಿಂದ ಹನ್ನೊಂದು ಚಿಹ್ನೆಗಳ ಸಾಲಾಗುತ್ತದೆ. ಆ ಸಂಖ್ಯೆಗಳನ್ನು ಜಾಲದಲ್ಲಿ ಸಾಗಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ಆದರೆ ಈ ಮೂರರಲ್ಲಿ ಮೊದಲನೆಯದು ಕನ್ನಡದ ಎಲ್ಲ ಚಿಹ್ನೆಗಳಿಗೂ ಒಂದೇ, ಎರಡನೆಯದು ಎರಡೇ ಬೆಲೆಗಳಲ್ಲಿ ಒಂದು. ಸುದ್ದಿಯ ಬಹುಪಾಲನ್ನು ಹೊರುವುದು ಮೂರನೆಯದು. ಹೀಗೆ ಮತ್ತೆ ಮತ್ತೆ ಬರುವುದನ್ನು ಗುರುತಿಸಿ ಮಡಚಿಡುವುದೇ ಜಿಜಿಪ್, ಬ್ರಾಟ್ಲಿ ಮೊದಲಾದ ಸಂಕೋಚನ ವಿಧಾನಗಳ ಕೆಲಸವಾದ್ದರಿಂದ, ಸರ್ವರಿನಿಂದ ಹೊರಡುವ ಹೊತ್ತಿಗೆ ಕನ್ನಡ ಪುಟದ ಆ ಹೆಚ್ಚುವರಿ ಭಾರದ ದೊಡ್ಡ ಪಾಲು ಕರಗಿಹೋಗಿರುತ್ತದೆ.

ನಿಜವಾದ ಭಾರ ಇರುವುದು ಬೇರೆಡೆ. ಇನ್ನೂರು ಪದಗಳ ಗ್ರಾಮಸಭೆಯ ಪ್ರಕಟಣೆಯೊಂದನ್ನು ಪಠ್ಯವಾಗಿ ಕಳಿಸಿದರೆ ಸಂಕೋಚನಕ್ಕೆ ಮುನ್ನ ಅದು ಸುಮಾರು ಐದು ಸಾವಿರ ಬೈಟು; ಅದನ್ನೇ ಮುದ್ರಿಸಿ, ಫೋನಿನಲ್ಲಿ ಫೋಟೊ ತೆಗೆದು ತಾಣಕ್ಕೆ ಏರಿಸಿದರೆ ಇಪ್ಪತ್ತು ಲಕ್ಷ ಬೈಟು ಸುಲಭವಾಗಿ ದಾಟುತ್ತದೆ, ಅಂದರೆ ನಾನೂರು ಪಟ್ಟು. ಒಂದು ಕಾಲಕ್ಕೆ ಈ ಪದ್ಧತಿಗೆ ಕಾರಣವಿತ್ತು. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದು ದೊಡ್ಡ ಉಪಕಾರ ಮಾಡಿದವು; ಆದರೆ ಅಂದಿನ ಫಾಂಟುಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದರಿಂದ, ಆ ಫಾಂಟು ಇಲ್ಲದ ಯಂತ್ರದಲ್ಲಿ ಪುಟ ತೆರೆದವರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಆಗ ಚಿತ್ರವೊಂದೇ ನೆಚ್ಚಬಹುದಾದ ದಾರಿಯಾಗಿತ್ತು. ಇಂದು ಆಂಡ್ರಾಯ್ಡ್ ಫೋನಿನಲ್ಲಿ ನೋಟೊ ಕನ್ನಡ, ವಿಂಡೋಸಿನಲ್ಲಿ ನಿರ್ಮಲಾ ಫಾಂಟುಗಳು ಮೊದಲೇ ಕುಳಿತಿವೆ. ಹೀಗಿದ್ದೂ ಕನ್ನಡದ ಪ್ರಕಟಣೆಗಳನ್ನು ಚಿತ್ರವಾಗಿಯೇ ಅಂಟಿಸುವುದು ಸೋಮಾರಿತನವಲ್ಲದೆ ಮತ್ತೇನೂ ಅಲ್ಲ. ಆ ಚಿತ್ರದೊಳಗಿನ ಊರಿನ ಹೆಸರು ಹುಡುಕಿದರೆ ಸಿಗದು, ಕಣ್ಣು ಕಾಣದವರಿಗಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ಮೌನ, ಅಕ್ಷರ ದೊಡ್ಡದು ಮಾಡಿಕೊಳ್ಳಬೇಕಾದ ವೃದ್ಧರಿಗೆ ಅದು ಮಸುಕು.

ಬೈಟು ಮತ್ತು ಇಂಗಾಲದ ನಡುವಿನ ನಂಟು ಸರಳರೇಖೆಯದಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಜಾಲದ ಉಪಕರಣಗಳು ಮಾಹಿತಿ ಹರಿಯಲಿ ಬಿಡಲಿ ವಿದ್ಯುತ್ ಹೀರುತ್ತಲೇ ಇರುವುದರಿಂದ, ಒಂದು ಪುಟಕ್ಕೆ ಇಷ್ಟು ಗ್ರಾಂ ಇಂಗಾಲ ಎಂದು ದಶಮಾಂಶದವರೆಗೆ ಹೇಳುವ ಲೆಕ್ಕಗಳನ್ನು ಅಂದಾಜಿನಷ್ಟಕ್ಕೇ ಇಟ್ಟುಕೊಳ್ಳುವುದು ಲೇಸು. ಆದರೆ ಒಂದು ಫೋನು ತನ್ನ ಬಾಳಿನಲ್ಲಿ ಉಂಟುಮಾಡುವ ಇಂಗಾಲದ ಹೆಚ್ಚಿನ ಪಾಲು ಅದರ ತಯಾರಿಕೆಯಲ್ಲೇ ಆಗಿಹೋಗಿರುತ್ತದೆ, ಮತ್ತು ಭಾರವಾದ ಪುಟಗಳೂ ಹಳೆಯ ಫೋನನ್ನು ಕೆಲಸಕ್ಕೆ ಬಾರದಂತೆ ಮಾಡಿ ಹೊಸದನ್ನು ಕೊಳ್ಳಿಸುತ್ತವೆ. ಜಾಲಪುಟವೊಂದರ ಮಧ್ಯಮ ತೂಕ 2010ರ ಕೊನೆಯಲ್ಲಿ ಸುಮಾರು 470 ಕಿಲೋಬೈಟು ಇದ್ದದ್ದು 2022ರ ಹೊತ್ತಿಗೆ 2,300 ದಾಟಿತು. ಇದೇ ಅವಧಿಯಲ್ಲಿ ಓದುವ ವಿಷಯ ಐದು ಪಟ್ಟಾಯಿತೆಂದು ಯಾರೂ ಹೇಳಲಾರರು. ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿರುವ ಹೊಸಕೋಟೆಯ ಗಡಿಗೆ ಹತ್ತಿರದ ವೈಟ್‌ಫೀಲ್ಡಿನಲ್ಲೇ ಡೇಟಾ ಸೆಂಟರುಗಳಿದ್ದು, ಅಂಥ ಕಟ್ಟಡಗಳನ್ನು ತಂಪಾಗಿಡಲು ವಿದ್ಯುತ್ತು, ಹಲವೆಡೆ ನೀರು ಕೂಡ, ಬೇಕಾಗುವುದರಿಂದ ಈ ಮಾತು ಇಲ್ಲಿಯವರಿಗೆ ದೂರದ್ದೇನಲ್ಲ.

ಪುಟದ ಹಿನ್ನೆಲೆಯನ್ನು ಕಪ್ಪು ಮಾಡಿ ಪರಿಸರ ಉಳಿಸಿದೆವೆನ್ನುವವರ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಪ್ರತಿ ಬಿಂದುವೂ ತಾನೇ ಬೆಳಗುವ ಓಎಲ್‌ಇಡಿ ಪರದೆಗಳಲ್ಲೂ ಹೊಳಪು ಶೇ. 30ರಿಂದ 50ರಷ್ಟಿದ್ದಾಗ ಸರಾಸರಿ ಉಳಿತಾಯ ಶೇ. 3ರಿಂದ 9 ಮಾತ್ರವೆಂದು ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಅಳೆದು ತೋರಿಸಿದ್ದಾರೆ. ಹಿಂದಿನ ದೀಪ ಸದಾ ಉರಿಯುವ ಎಲ್‌ಸಿಡಿ ಪರದೆಯಲ್ಲಂತೂ ಅದರಿಂದ ಪ್ರಯೋಜನವಿಲ್ಲ. ರಾಗಿ ಹೊಲದ ಬದುವಿನ ಮೇಲೆ ನಡುಹಗಲ ಬಿಸಿಲಲ್ಲಿ ನಿಂತು ಪಹಣಿ ನೋಡುವ ರೈತನಿಗೆ ಕಪ್ಪು ಪುಟದಲ್ಲಿ ಕಾಣುವುದು ತನ್ನ ಮುಖವೇ ಹೊರತು ಸರ್ವೆ ನಂಬರಲ್ಲ. ಇದಕ್ಕಿಂತ ಬಾರ್ಸಿಲೋನಾದ ‘ಲೋ-ಟೆಕ್ ಮ್ಯಾಗಜೀನ್’ 2018ರಲ್ಲಿ ಸೌರಫಲಕವೊಂದರಿಂದ ನಡೆಯುವ ತಾಣವನ್ನು ಕಟ್ಟಿ, ಮೋಡ ಮುಚ್ಚಿ ಬ್ಯಾಟರಿ ಖಾಲಿಯಾದರೆ ತಾಣವೇ ಮುಚ್ಚಿಕೊಳ್ಳಲಿ ಎಂದು ಬಿಟ್ಟದ್ದು ಎಷ್ಟೋ ಪ್ರಾಮಾಣಿಕವಾದ ಪ್ರಯೋಗ.

ಮನಸ್ಸಿಟ್ಟು ಜಗಳವಾಡಬೇಕಾದ್ದು ಫಾಂಟಿನ ವಿಷಯದಲ್ಲಿ. ಓದುಗರ ಫೋನಿನಲ್ಲಿ ಒಳ್ಳೆಯ ಕನ್ನಡ ಫಾಂಟು ಇರುವಾಗ ಸಪೂರ, ಸಾಧಾರಣ, ದಪ್ಪ, ಅತಿ ದಪ್ಪ ಎಂದು ನಾಲ್ಕು ಕಡತಗಳನ್ನು ಹೊರಿಸಿ ಕಳಿಸುವುದು ಮದುವೆಮನೆಗೆ ಬಂದವರ ತಲೆಯ ಮೇಲೆ ಪಾತ್ರೆಸಾಮಾನು ಹೊರಿಸಿದಂತೆ. ಬೇರೆ ರೂಪ ಬೇಕೇಬೇಕೆಂದಾದರೆ ಎಲ್ಲ ದಪ್ಪಗಳನ್ನೂ ಒಂದೇ ಕಡತದಲ್ಲಿ ಅಡಗಿಸಿಕೊಂಡ ‘ಅನೇಕ್ ಕನ್ನಡ’ದಂಥ ವೇರಿಯಬಲ್ ಫಾಂಟು ಇದೆ. ಆದರೆ ಅದರ ತೂಕವನ್ನೂ ಇಳಿಸುವೆವೆಂದು ಹೊರಟವರು, ರೋಮನ್ ಲಿಪಿಗೆ ಮಾಡಿದ ಹಾಗೆಯೇ, ಜಿಸಬ್ ಎಂಬ ಪಟ್ಟಿಯನ್ನು ಕತ್ತರಿಸಿ ಎಸೆಯುತ್ತಾರೆ. ಯಾವ ಚಿಹ್ನೆಗಳು ಕೂಡಿದಾಗ ಯಾವ ಆಕಾರ ಬರಬೇಕೆಂದು ಹೇಳುವ ಪಟ್ಟಿ ಅದು. ರೋಮನ್ನಿಗೆ ಅದು ಅಲಂಕಾರ, ಕನ್ನಡಕ್ಕೆ ಅದೇ ಬೆನ್ನೆಲುಬು. ಅದು ಹೋದ ಪುಟದಲ್ಲಿ ಳಕಾರದ ಒತ್ತು ಕೆಳಗಿಳಿಯದೆ ಹಳ್ಳಿ ‘ಹಳ್‌ಳಿ’ಯಾಗಿ ಮುರಿದು ಬೀಳುತ್ತದೆ. ಕೆಲವು ಕಿಲೋಬೈಟು ಉಳಿಸಲು ಊರಿನ ಹೆಸರನ್ನೇ ಮುರಿದವರು ತಮ್ಮ ಪುಟವನ್ನು ಒಮ್ಮೆ ಕನ್ನಡ ಬಲ್ಲವರಿಂದ ಓದಿಸಿದ್ದರೆ ಸಾಕಿತ್ತು.

ಇನ್ನೂ ನವಿರಾದದ್ದೊಂದಿದೆ. ಶೂನ್ಯ ಅಗಲದ ವಿಭಾಜಕ ಎಂದು ಕರೆಯಬಹುದಾದ, ಪರದೆಯಲ್ಲಿ ಎಲ್ಲೂ ಕಾಣದ ಚಿಹ್ನೆಯೊಂದು ಯೂನಿಕೋಡಿನಲ್ಲಿದ್ದು, ಎರಡು ವ್ಯಂಜನಗಳು ಒತ್ತಕ್ಷರವಾಗಿ ಬೆಸೆದುಕೊಳ್ಳದಂತೆ ಅದು ನಡುವೆ ನಿಲ್ಲುತ್ತದೆ. ಕಾಣದ್ದೆಲ್ಲ ಕಸವೆಂದು ಪಠ್ಯವನ್ನು ಉಜ್ಜಿ ತೆಗೆಯುವ ಸಾಧನಗಳು ಮೊದಲು ಕಿತ್ತೆಸೆಯುವುದು ಇದನ್ನೇ, ಮತ್ತು ಆ ಕ್ಷಣವೇ ‘ರಾಜ್‌ಕುಮಾರ್’ ಎಂಬ ಹೆಸರು ‘ರಾಜ್ಕುಮಾರ್’ ಆಗಿಬಿಡುತ್ತದೆ. ಈ ಅದೃಶ್ಯ ಚಿಹ್ನೆಯ ತೂಕವೂ ಕನ್ನಡದ ಉಳಿದ ಚಿಹ್ನೆಗಳಂತೆ ಮೂರೇ ಬೈಟು.