ಗೆದ್ದ ಹಾಡಿಗೆ ಯಾವ ಧಾಟಿ?

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಫುಟ್‌ಬಾಲ್ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿತು. 54 ವರ್ಷಗಳ ನಂತರ ಸಂತೋಷ್ ಟ್ರೋಫಿ ನಮ್ಮದಾಯಿತು. ಬೆಂಗಳೂರು ಎಫ್‌ಸಿಗಾಗಿ ಹಾಡಲು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗವಿದೆ; ರಾಜ್ಯ ತಂಡಕ್ಕೆ ಯಾರು ಹಾಡಬೇಕು? ಬೆಳವಣಕಿಯ ನಾವು ನಾಲ್ಕು ಮಂದಿ ಹಾಡು ಕಟ್ಟಲು ಕುಳಿತೆವು.

ಎಲ್ಲರಿಗೂ ಬರುವ ಧಾಟಿ ಮೊಹರಂನ ರಿವಾಯತ್, ಅದಕ್ಕೇ ಕೂಡಿಸೋಣ ಎಂದ ಒಬ್ಬ ಗೆಳೆಯ. ಅಜ್ಜ ತಡೆದರು: “ಅದು ಕರ್ಬಲಾದ ದುಃಖದ ಪದ, ತಮ್ಮಾ. ಗೆದ್ದ ಖುಷಿಗೆ ಹಂತಿ ಪದದ ಧಾಟಿ ಹಿಡೀರಿ.”

ಕಣದಲ್ಲಿ ರಾಶಿ ಮಾಡುವಾಗ ಎತ್ತುಗಳ ಹಿಂದೆ ಹಾಡುತ್ತಿದ್ದ ಧಾಟಿಯದು. ಯಂತ್ರ ಬಂದ ಮೇಲೆ ಹಂತಿಯನ್ನೇ ನೋಡದ ನಮಗೆ ಅದೆಲ್ಲಿ ಬರಬೇಕು! ಅಜ್ಜನೇ ಕಲಿಸಿದರು. ಈಗ ‘ಗೋಲ್’ ಎಂದು ಎಳೆಯುವಲ್ಲಿ ಅವರದೇ ದೊಡ್ಡ ದನಿ.