ಜಂಗಪುರದ ಮನೆ ಕಾರ್ಖಾನೆ

ದೆಹಲಿಯ ಜಂಗಪುರದಲ್ಲಿ ಓಡಾಡುವ ನಮ್ಮವರಲ್ಲಿ, ಮನೆಗಳನ್ನೇ ತಯಾರಿಸಲು ಹೊರಟ ಕಾರ್ಖಾನೆ ಅಲ್ಲಿ ಹುಟ್ಟಿತೆಂಬುದು ಎಷ್ಟು ಮಂದಿಗೆ ಗೊತ್ತು? ದೇಶವಿಭಜನೆಯಾದಾಗ ನಿರಾಶ್ರಿತರಿಗೆ ಬೇಗನೆ ಸೂರು ಬೇಕಿತ್ತು. ಗೋಡೆ, ಛಾವಣಿಗಳನ್ನು ಕಾರ್ಖಾನೆಯಲ್ಲೇ ಎರಕಹೊಯ್ದು ನಿವೇಶನದಲ್ಲಿ ಜೋಡಿಸುವುದೆಂದು 1948ರಲ್ಲಿ ಸರ್ಕಾರ ಹೊರಟಿತು. ಹೊಣೆ ಹೊತ್ತವರು ವಸತಿ ನಿರ್ದೇಶಕ ಆಟೋ ಕೋನಿಗ್ಸ್‌ಬರ್ಗರ್. 1939ರಿಂದ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೂ ಕಟ್ಟಡಗಳನ್ನು ರೂಪಿಸಿದ ಜರ್ಮನರು.

ಆದರೆ ಕಾಂಕ್ರೀಟ್ ಹಲಗೆಗಳು ಬಿರುಕುಬಿಟ್ಟವು. ಮನೆಗಳ ಬದಲು ಟೀಕೆಗಳು ಬಂದವು. 1951ರಲ್ಲಿ ಅವರು ಭಾರತವನ್ನೇ ಬಿಟ್ಟರು. ಕಾರ್ಖಾನೆ ಮಾತ್ರ ಉಳಿದು, 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾಗಿ, ಮುಂದೆ ವಿದ್ಯುತ್ ಕಂಬ, ರೈಲ್ವೆ ಸ್ಲೀಪರುಗಳನ್ನೂ ಮಾಡಿತು.

ಸ್ವಂತ ಸೂರಿಗೆಂದು ಪಿ.ಎಫ್. ಹಣ ಕೂಡಿಡುವ ನಮ್ಮಂಥವರಿಗೆ ಇದರಲ್ಲಿ ಪಾಠವಿದೆ. ಇಂದಿಗೂ ಕಾರ್ಖಾನೆಯ ಗೋಡೆಗಳಿಂದ ಕಟ್ಟಿದ ಫ್ಲಾಟುಗಳು ಮಾರಾಟಕ್ಕೆ ಬರುತ್ತವೆ. ಕೆಲಸ ಬೇಗ, ಅಚ್ಚಿನಲ್ಲಿ ಮಾಡಿದ್ದರಿಂದ ಅಳತೆಯೂ ಅಚ್ಚುಕಟ್ಟು. ಆದರೆ ಇಂಥ ಮನೆಯ ಮರ್ಮವಿರುವುದು ಸಂದಿನಲ್ಲಿ. ಹಲಗೆ ಹಲಗೆ ಕೂಡುವಲ್ಲಿ ನೀರು ಇಳಿದರೆ ಗೋಡೆ ತೇವಗೊಂಡು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮುಂಗಡ ಕೊಡುವ ಮುನ್ನ, ಅದೇ ಕಂಪನಿ ಕಟ್ಟಿದ, ನಾಲ್ಕಾರು ಮಳೆಗಾಲ ಕಂಡ ಮನೆಯೊಂದನ್ನು ನೋಡಿಬರೋಣ. ಅಲ್ಲಿ ವಾಸವಿರುವವರನ್ನೇ ಕೇಳೋಣ.

ಇನ್ನೊಂದು ಮಾತು. ಭಾರ ಹೊರುವ ಗೋಡೆಗಳಾದರೆ, ಮುಂದೆ ದೇವರ ಮನೆಗೆಂದು ಮನಬಂದಲ್ಲಿ ಬಾಗಿಲು ಒಡೆಸುವಂತಿಲ್ಲ. ಊರಿನಿಂದ ಅಪ್ಪ ಅಮ್ಮ ಬಂದರೂ ಆ ನಕ್ಷೆಯಲ್ಲೇ ಸಂಸಾರ ಹಿಡಿಸೀತೆ ಎಂದು ಮನೆಯಾಕೆಯೊಡನೆ ಮೊದಲೇ ಕೂತು ಯೋಚಿಸಬೇಕು. ಸಾಲದ ಕಂತು ಇಪ್ಪತ್ತು ವರ್ಷ. ಸಂದುಗಳೂ ಅದಕ್ಕಿಂತ ಹೆಚ್ಚು ತಾಳಬೇಕಲ್ಲವೆ?